ಸೆರೆಬಳ್ಳಿಯ ಕುಂಡದ ಬಗ್ಗೆ ದ. ಲ. ಅವರಿಗೆ

ಕರಿಕಲ್ಲು ಗುಡ್ಡದ ಸಸ್ಯೋದ್ಯಾನ, ಆರನೇ ಗಾಜುಮನೆ
ಗಾಜುವರ್ಷ ೧೮೩, ಹನಿಗಾಲದ ಐವತ್ತೆರಡನೇ ಬೆಳಗು

ದ. ಲ. ಅವರಿಗೆ,

ಮೇಲಿನ ತೇದಿ ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದವನ್ನು ಬಿಸಾಡಬೇಡಿ. ಈ ಉದ್ಯಾನಕ್ಕೆ ಮೊದಲ ನೆರಳುಗಾಜು ಕೂರಿಸಿದ ದಿನದಿಂದ ನಾವು ವರ್ಷಗಳನ್ನು ಎಣಿಸುತ್ತೇವೆ. ನಿಮ್ಮ ಇಸವಿಯಲ್ಲಿ ಇದು ಎಷ್ಟಾಗುತ್ತದೋ ನನಗೆ ಖಚಿತವಿಲ್ಲ. ನಿಮಗೂ ನನಗೂ ನಡುವೆ ಇನ್ನೂರು ವರ್ಷವಾದರೂ ಇರಬೇಕು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾವು ಕಲಿತದ್ದು ನೀವು ಗಿಡಗಳ ಮುಂದೆ ನೆಟ್ಟುಹೋದ ಫಲಕಗಳಿಂದ ಮಾತ್ರ. ಹಾಗಾಗಿ ನಮ್ಮ ಬರಹದಲ್ಲಿ ಮುಟ್ಟಬೇಡಿ, ಕೀಳಬೇಡಿ, ನೆರಳಿನಲ್ಲಿಡಿ ಎಂಬ ಧಾಟಿ ನುಸುಳುವುದು ಸಹಜ. ನಿಮ್ಮ ಪೂರ್ತಿ ಹೆಸರು ಕೂಡ ನನಗೆ ತಿಳಿಯದು. ತಗಡಿನ ಹಿಂಭಾಗದಲ್ಲಿ ‘ಇಟ್ಟವರು: ದ. ಲ.’ ಎಂದಷ್ಟೇ ಇದೆ. ದಮಯಂತಿಯೋ ದಯಾನಂದರೋ, ಹೆಸರನ್ನು ಪೂರ್ತಿ ಬರೆಯದವರ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಗುಮಾನಿ.

ನಾನು ಮಾರಕ್ಕ, ಆರನೇ ಗಾಜುಮನೆಯ ಮೇಟಿ. ಮೇಟಿ ಎಂದರೆ ಮನೆಯ ಗಿಡಗಳಿಗೆಲ್ಲ ಹೊಣೆಯಾಗಿ ನಿಂತವಳು. ಈ ಕಾಗದವನ್ನು ಇಷ್ಟಪಟ್ಟು ಬರೆಯುತ್ತಿಲ್ಲ. ನಮ್ಮಲ್ಲಿ ಹಿನ್ನೋಲೆ ಎಂಬ ಕಟ್ಟಳೆಯೊಂದಿದೆ. ಯಾರ ಮೇಲಾದರೂ ಸುಳ್ಳು ಅಪವಾದ ಹೊರಿಸಿದವರು, ಆ ತಪ್ಪು ಮೊದಲು ಎಲ್ಲಿ ಹುಟ್ಟಿತೋ ಅಲ್ಲಿಯ ಮನುಷ್ಯರಿಗೆ, ಅವರು ಸತ್ತು ಎಷ್ಟೇ ಕಾಲವಾಗಿರಲಿ, ನಡೆದದ್ದನ್ನು ನಡೆದಂತೆ ಬರೆದು ತಿಳಿಸಬೇಕು. ಬರೆದದ್ದನ್ನು ತಪ್ಪು ನಡೆದ ಜಾಗದಲ್ಲೇ ಹೂಳುತ್ತಾರೆ. ನಿಮ್ಮದು ಕುಂಡದ ಕೆಳಗೆ ಹೋಗುತ್ತದೆ. ಅದು ನಿಮ್ಮ ಕೈಗೆ ಸಿಗುತ್ತದೆಂದು ನಾನು ನಂಬಿಲ್ಲ. ನಾನು ಸುಲಭಕ್ಕೆ ಏನನ್ನೂ ನಂಬುವವಳಲ್ಲ. ಪಂಚಾಯ್ತಿಯವರೂ ನನ್ನನ್ನು ನಂಬಿಲ್ಲವೆಂದು ಕಾಣುತ್ತದೆ. ನಾನು ಏನನ್ನಾದರೂ ಮುಚ್ಚಿಟ್ಟೇನೆಂದು ಇಬ್ಬರನ್ನು ಪಕ್ಕದಲ್ಲಿ ಕೂರಿಸಿದ್ದಾರೆ. ಒಬ್ಬರು ಈಗ ತೂಕಡಿಸುತ್ತಿದ್ದಾರೆ, ಅಥವಾ ಹಾಗೆ ನಟಿಸುತ್ತಿದ್ದಾರೆ.

ನಿಮ್ಮ ಕಾಲದಲ್ಲಿ ಗಾಜುಮನೆ ಕಟ್ಟುತ್ತಿದ್ದದ್ದು ಒಳಗೆ ಬಿಸಿ ಉಳಿಯಲಿ ಎಂಬುದಕ್ಕಂತೆ. ನಾವು ಅದನ್ನು ಹೇಳಿಕೊಂಡು ನಗುತ್ತೇವೆ. ನಮ್ಮ ನೆರಳುಗಾಜು ಬಿಸಿಲನ್ನು ಹೊರಗೇ ನಿಲ್ಲಿಸುತ್ತದೆ. ಹಾಲಿನ ಕೆನೆಯ ಬಣ್ಣದ ದಪ್ಪ ಗಾಜು ಅದು. ಹೊರಮೈಗೆ ಧೂಳು ಕೂತರೆ ಒಳಗೆ ಕತ್ತಲು, ತೀರ ಒರೆಸಿದರೆ ಒಳಗೆ ಉರಿ. ಎಂಟು ಮನೆಗಳ ನಡುವಿನ ಓಣಿಗಳಲ್ಲಿ ನಾವು ವಾಸ. ಎರಡನೇ ಮನೆಯಲ್ಲಿ ಹುಳ ನುಂಗುವ ಹೂಜಿಗಿಡಗಳಿವೆ. ನಾಲ್ಕನೆಯದರಲ್ಲಿ ಒಂದು ದೈತ್ಯ ಗೆಡ್ಡೆ. ಒಂಬತ್ತು ವರ್ಷಕ್ಕೊಮ್ಮೆ ಆಳೆತ್ತರದ ಹೂ ಬಿಟ್ಟು ಹೆಣದಂತೆ ನಾರುತ್ತದೆ, ಆಗ ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಹೋಗಿ ನೋಡಿ ಬರುತ್ತೇವೆ. ಐದನೇ ಮನೆಯಲ್ಲಿ ಕಲ್ಲುಗಿಡಗಳು. ನೋಡಲು ಥೇಟ್ ಉರುಟು ಕಲ್ಲು, ಆದರೆ ಜೀವವಿದೆಯೆಂದು ಫಲಕ ಹೇಳುತ್ತದೆ. ಒಟ್ಟು ನಲವತ್ತು ಇವೆ. ಅವುಗಳಲ್ಲಿ ಮೂರು ನಿಜಕ್ಕೂ ಕಲ್ಲುಗಳೇ ಎಂದು ನನ್ನ ಅನುಮಾನ. ನೀರನ್ನಂತೂ ತಪ್ಪದೆ ಹಾಕುತ್ತಾರೆ.

ಮಳೆಯೆಂಬುದನ್ನು ನಾನು ಕಂಡಿಲ್ಲ. ನಮಗಿರುವುದು ಹನಿಗಾಲ. ವರ್ಷದಲ್ಲಿ ಮೂರು ತಿಂಗಳು ಗಾಜಿನ ಒಳಮೈಯಲ್ಲಿ ನೀರು ಬೆವೆತು, ಹನಿಗೂಡಿ ಗಿಡಗಳ ಮೇಲೆ ತೊಟ್ಟಿಕ್ಕುತ್ತದೆ. ಉಳಿದ ತಿಂಗಳು ಕೈನೀರು. ಒಬ್ಬರೇ ನೀರು ಹಾಕುವಂತಿಲ್ಲ. ಒಬ್ಬರು ಹಾಕಬೇಕು, ಇನ್ನೊಬ್ಬರು ನೋಡಬೇಕು. ಇದಕ್ಕೆ ಜೊತೆನೀರು ಎನ್ನುತ್ತೇವೆ, ನೋಡುವವರಿಗೆ ಕಣ್ಣಾಳು ಎನ್ನುತ್ತೇವೆ. ಒಂದು ಗಿಡ ಸತ್ತರೆ ಅದರ ಜಾತಿಯೇ ಲೋಕದಿಂದ ಹೋಯಿತು ಎಂಬ ಸ್ಥಿತಿಯಲ್ಲಿ ಯಾರು ಯಾರನ್ನು ನಂಬಲಾದೀತು? ಹನ್ನೆರಡು ವರ್ಷ ನನ್ನ ಕಣ್ಣಾಳಾಗಿದ್ದವನು ಬೋಸಣ್ಣ. ಬೋಸಯ್ಯ ಎಂದು ಹೆಸರು, ನನಗಿಂತ ಹದಿನೈದು ವರ್ಷ ದೊಡ್ಡವನು. ಮಾತು ಕಡಿಮೆ. ಗಿಡದ ಎದುರು ಕೂತರೆ ಎಲೆಯ ಅಡಿಭಾಗವನ್ನು ಹೆಬ್ಬೆರಳಿನಿಂದ ಸವರುತ್ತ ಹೊತ್ತು ಕಳೆದುಬಿಡುತ್ತಿದ್ದ. ನಾನು ಅವನನ್ನು ನೋಡುತ್ತಿದ್ದೆ, ಅವನು ನನ್ನನ್ನು ನೋಡುತ್ತಿದ್ದ, ಹೀಗೆ ಹನ್ನೆರಡು ವರ್ಷ ನಡೆಯಿತು.

ಈಗ ನಿಮ್ಮ ಕುಂಡಕ್ಕೆ ಬರುತ್ತೇನೆ. ಆರನೇ ಮನೆಯ ನಟ್ಟನಡುವೆ, ಎತ್ತರದ ಕಟ್ಟೆಯ ಮೇಲೆ, ನೀವು ಇಟ್ಟ ಸೆರೆಬಳ್ಳಿ ಇದೆ. ಫಲಕದಲ್ಲಿ ನಿಮ್ಮ ಮಾತು ಹೀಗಿದೆ: ‘ಸೆರೆಬಳ್ಳಿ. ಅತಿ ಅಪರೂಪ. ಕೋಲಿಗೆ ಹಬ್ಬಿಸಿ. ಹೂವು ನೊಣವನ್ನು ಒಂದು ದಿನ ಹಿಡಿದಿಟ್ಟು ಬಿಡುತ್ತದೆ. ಕುಂಡದಲ್ಲಿ ಬೇರೆ ಏನು ಮೊಳೆತರೂ ಕಿತ್ತುಹಾಕಿ.’ ಅದರ ಕೆಳಗೆ ಎರಡು ಬೆರಳಷ್ಟು ತಗಡು ಖಾಲಿ. ಇಷ್ಟನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಬಳ್ಳಿ ದಷ್ಟಪುಷ್ಟವಾಗಿದೆ. ಅಂಗೈಯಗಲದ ಐದು ಮೂಲೆಯ ಎಲೆ, ಬಿಳಿ ಹೂ. ಕಾಯಿ ಮಾತ್ರ ಯಾವತ್ತೂ ಬಿಟ್ಟಿಲ್ಲ. ಕಾಯಿ ಬಿಡದಿರುವುದೇ ಅಪರೂಪದ ಲಕ್ಷಣವೆಂದು ಹಿರಿಯರು ಹೇಳುತ್ತಿದ್ದರು. ಹೂ ನೊಣ ಹಿಡಿಯದಿರುವುದಕ್ಕೂ ಅವರ ಬಳಿ ಉತ್ತರವಿತ್ತು: ಹಳೆಯ ಕಾಲದ ನೊಣಗಳೇ ಬೇರೆ ಜಾತಿಯವಂತೆ. ಹನಿಗಾಲ ಶುರುವಾಗಿ ತಿಂಗಳಾದ ಮೇಲೆ ಕಳೆದಿನ ಬರುತ್ತದೆ. ಅಂದು ಎಲ್ಲ ಕುಂಡಗಳ ಕಳೆ ಕಿತ್ತು, ಇಬ್ಬರ ಎದುರಿಗೆ ಸುಡುತ್ತೇವೆ. ಸೆರೆಬಳ್ಳಿಯ ಬುಡದಲ್ಲಿ ಪ್ರತಿ ವರ್ಷ ನೂಲಿನಷ್ಟು ತೆಳ್ಳಗಿನ, ಸಣ್ಣ ಎಲೆಯ ಕಳೆಯೊಂದು ಏಳುತ್ತಿತ್ತು. ಅದನ್ನು ಕೀಳುವುದು ಬೋಸಣ್ಣ, ನೋಡುವುದು ನಾನು.

ಹೋದ ವರ್ಷ ಮೇಟಿಯಾದಾಗ ನಾನು ಫಲಕವನ್ನು ಹೊಸದಾಗಿ ಓದಿದೆ. ಹೊಸದಾಗಿ ಎಂದರೆ, ಬಾಯಿಪಾಠದ ರಾಗ ಬಿಟ್ಟು, ಇದು ಖರೆಯೇ ಎಂದು ಕೇಳಿಕೊಂಡು. ಗೊಬ್ಬರದ ಕೋಣೆಯಿಂದ ಬಟ್ಟಲಲ್ಲಿ ನೊಣ ಹಿಡಿದು ತಂದು ಬಿಳಿ ಹೂವಿನ ಮೇಲೆ ಬಿಟ್ಟೆ. ಒಂದು ನೊಣವೂ ಸಿಕ್ಕಿಬೀಳಲಿಲ್ಲ. ಹೂವಿನ ಮೇಲೆ ಕೂತು ಕಾಲು ಉಜ್ಜಿಕೊಂಡು ಹಾರಿಹೋದವು. ಸಣ್ಣ ನೊಣ ತಂದೆ, ದೊಡ್ಡ ನೊಣ ತಂದೆ, ಹಸಿದ ನೊಣ ತಂದೆ. ಇಪ್ಪತ್ತು ದಿನ ಇದೇ ಕೆಲಸ. ಜನ ನನಗೆ ನೊಣದ ಮಾರಕ್ಕ ಎಂದು ಹೆಸರಿಟ್ಟರು. ಕೊನೆಗೆ ನನಗೆ ಹೊಳೆದದ್ದು ಒಂದೇ: ಇದು ಅಸಲಿಯಲ್ಲ. ಯಾರೋ ಸೆರೆಬಳ್ಳಿಯನ್ನು ಎತ್ತಿ, ಅದರಂತೇ ಕಾಣುವ ಬೇರೆ ಬಳ್ಳಿಯನ್ನು ನೆಟ್ಟಿದ್ದಾರೆ. ಯಾರು ಎಂದು ಯೋಚಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಕುಂಡವನ್ನು ಮುಟ್ಟುವ ಹಕ್ಕಿದ್ದದ್ದು ಇಬ್ಬರಿಗೆ, ಅವರಲ್ಲಿ ಒಬ್ಬಳು ನಾನು.

ಆಮೇಲೆ ನೋಡಿದ್ದೆಲ್ಲ ಅದಕ್ಕೆ ತಕ್ಕಂತೆಯೇ ಕಾಣತೊಡಗಿತು. ಮಣ್ಣು ಮುಟ್ಟುವ ಕೆಲಸವಿಲ್ಲದ ದಿನವೂ ಬೋಸಣ್ಣನ ಉಗುರಿನಲ್ಲಿ ಮಣ್ಣು. ಊಟದ ಹೊತ್ತಿಗೆ ಕೊಡುವ ಕುಡಿಯುವ ನೀರನ್ನು ಅರ್ಧ ಕುಡಿದು, ಉಳಿದದ್ದನ್ನು ಚೊಂಬಿನಲ್ಲೇ ಇಟ್ಟುಕೊಂಡು ಎದ್ದುಹೋಗುತ್ತಿದ್ದ. ಉಪ್ಪು ಹೊತ್ತು ತರುವ ಹೊರಗಿನವರ ಜೊತೆ ಬಾಗಿಲಲ್ಲಿ ನಿಂತು ಮಾತಾಡಿದ್ದನ್ನು ಎರಡು ಸಲ ಕಂಡೆ. ಒಂದು ಮಧ್ಯಾಹ್ನ ಅವನ ಹಿಂದೆಯೇ ಹೋದೆ. ಆವಿಕೋಣೆಯ ಹಿಂದಿನ ಸಂದಿಯಲ್ಲಿ ಅವನು ಕುಕ್ಕರುಗಾಲಲ್ಲಿ ಕೂತಿದ್ದ. ಮುಂದೆ ಒಡಕು ಮಡಕೆ, ಅದರಲ್ಲಿ ನೂಲಿನಂತಹ ಬಳ್ಳಿ. ಕಳೆದಿನ ನನ್ನೆದುರಿಗೇ ಕಿತ್ತು, ಸುಟ್ಟಂತೆ ಮಾಡಿದ್ದ ಕಳೆ. ನಾನು ಕೂಗಿಕೊಂಡಾಗ ಅವನು ಏಳಲೂ ಇಲ್ಲ. “ಕೀಳ್ತೀವಿ, ಸುಡ್ತೀವಿ, ಮತ್ತೆ ಅದೇ ಕುಂಡದಾಗೇ ಬರ್ತೈತೆ ಕಣವ್ವ. ಇಷ್ಟು ಹಠ ಇರೋದು ಒಂದ್ ವರ್ಸ ಬದುಕ್ಲಿ, ಏನಾಗ್ತೈತೋ ನೋಡಾನ ಅಂತ ಬಿಟ್ಟೆ” ಎಂದ. ಇಷ್ಟು ಸರಳವಾದ ಉತ್ತರವನ್ನು ನಾನು ನಂಬುವುದುಂಟೇ? ಕಳೆಯ ಕಥೆ ಕಣ್ಣಿಗೆ ಮಣ್ಣೆರಚಲು ಹೂಡಿದ ಆಟ, ಅಸಲಿ ಬಳ್ಳಿ ಎಂದೋ ಉಪ್ಪಿನವರ ಮೂಟೆಯಲ್ಲಿ ಗುಡ್ಡ ಇಳಿದಿದೆ ಎಂದು ತೀರ್ಮಾನಿಸಿದೆ.

ನೀವು ಕೇಳಬಹುದು, ಆ ನೂಲುಬಳ್ಳಿಯೇ ಸೆರೆಬಳ್ಳಿ ಇರಬಹುದೆಂದು ನಿನಗೆ ತೋಚಲಿಲ್ಲವೇ ಎಂದು. ತೋಚಲಿಲ್ಲ. ಸೆರೆಬಳ್ಳಿಯ ಎಲೆ ಹೇಗಿರುತ್ತದೆಂದು ನಮ್ಮಲ್ಲಿ ಎಳೆ ಮಗುವಿಗೂ ಗೊತ್ತು. ತೊಟ್ಟಿಲಿನ ಮೇಲೂ ಅದನ್ನೇ ಕೆತ್ತುತ್ತೇವೆ. ಕದ್ದವನು ನಕಲಿಯನ್ನು ನೆಟ್ಟರೂ ಅಸಲಿಯಂತಹ ಅಗಲದ ಎಲೆಯದನ್ನೇ ಹುಡುಕಿ ನೆಟ್ಟಿರುತ್ತಾನಲ್ಲ ಎಂಬುದು ನನ್ನ ತರ್ಕ. ಪಂಚಾಯ್ತಿಯಲ್ಲಿ ಅದನ್ನೇ ಹೇಳಿದೆ. ಚೆನ್ನಾಗಿಯೇ ಹೇಳಿದೆ, ನನ್ನ ಮಾತಿಗೆ ಎಲ್ಲರೂ ತಲೆದೂಗಿದರು. ಅಸಲಿ ಎಲ್ಲಿ ಎಂದು ಕೇಳಿದಾಗ ಬೋಸಣ್ಣ, “ನಂಗೊತ್ತಿಲ್ಲ. ನಾ ಹುಟ್ಟಿದಾಗಿಂದ ಇದೇ ಐತೆ” ಎಂದ. ಅವನನ್ನು ಗಾಜುಮನೆಗಳಿಂದ ತೆಗೆದು ಹೊರಗಾಜಿಗೆ ಹಾಕಿದರು. ಹೊರಗಾಜು ಎಂದರೆ ಸೂರಿನ ಮೇಲೆ ಹತ್ತಿ ಗಾಜಿನ ಧೂಳು ಒರೆಸುವ ಕೆಲಸ. ಎಳೆಬಿಸಿಲಿನಲ್ಲೇ ಆ ಗಾಜು ಕಣ್ಣಿಗೆ ಸೂಜಿ ಹೊಡೆಯುತ್ತದೆ. ಅಲ್ಲಿಗೆ ಹೋದವರು ಎರಡು ವರ್ಷಕ್ಕೆ ಕಣ್ಣು ಕಳೆದುಕೊಳ್ಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ಒಡಕು ಮಡಕೆ ಸಾಕ್ಷಿಯಾಯಿತು. ಸಾಕ್ಷಿವಸ್ತುವನ್ನು ಒಂದು ವರ್ಷ ಒಂದು ದಿನ ಯಾರೂ ನಾಶಮಾಡುವಂತಿಲ್ಲ, ಅದಕ್ಕೆ ಜೀವವಿದ್ದರೆ ದೂರು ಕೊಟ್ಟವರೇ ಸಾಕಬೇಕು. ಹೀಗಾಗಿ ಬೋಸಣ್ಣನ ಕಳೆಗೆ ನಾನು ನೀರೆರೆಯತೊಡಗಿದೆ. ಹನಿಗಾಲ ಮುಗಿಯುತ್ತಿದ್ದಂತೆ ಅದು ಹಳದಿಯಾಗಿ, ಒಣಗಿ, ಪುಡಿಯಾಯಿತು. ಸಾಕ್ಷಿ ಸತ್ತರೆ ನನ್ನ ತಲೆಗೆ ಬರುತ್ತದೆಂದು ಯಾರೋ ಬೇಕೆಂದೇ ಬಿಸಿನೀರು ಹೊಯ್ದಿದ್ದಾರೆಂದು ನನಗೆ ಅನುಮಾನ ಬಂತು. ಬೋಸಣ್ಣನ ತಂಗಿ ದೇವೀರಮ್ಮ ಆ ಓಣಿಯಲ್ಲಿ ಓಡಾಡುವುದನ್ನು ಕಂಡು, ಮಡಕೆಯ ಸುತ್ತ ಬೂದಿ ಚೆಲ್ಲಿ ಹೆಜ್ಜೆಗುರುತು ಹುಡುಕಿದೆ. ಸಿಕ್ಕಿದ್ದೆಲ್ಲ ನನ್ನದೇ ಹೆಜ್ಜೆ. ಬರೀ ಮಣ್ಣಿಗೆ ಒಂಬತ್ತು ತಿಂಗಳು ನೀರು ಚಿಮುಕಿಸಿದೆ. ನಡುನಡುವೆ ತಲೆಯ ಮೇಲೆ ಗಾಜು ಒರೆಸುವ ಸದ್ದು ಕೇಳುತ್ತಿತ್ತು. ಮೊದಮೊದಲು ಸರಸರನೆ ಬರುತ್ತಿದ್ದ ಸದ್ದು ಬರಬರುತ್ತ ತಡವರಿಸತೊಡಗಿತು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ ಹಾಗೆ. ಆಗ ನಾನು ತಲೆ ಎತ್ತಿ ನೋಡುತ್ತಿರಲಿಲ್ಲ.

ಈ ಸಲದ ಹನಿಗಾಲದ ಆರನೇ ದಿನ ಆ ಮಣ್ಣಿನಿಂದ ನೂಲು ಮತ್ತೆ ಎದ್ದಿತು. ನಿಮ್ಮ ಕುಂಡದಲ್ಲೂ ಎದ್ದಿತು. ಕಳೆದಿನ ಬಂದಾಗ ಕುಂಡದ್ದನ್ನು ನಾನೇ ಕೈಯಾರೆ ಕಿತ್ತು ಸುಟ್ಟೆ. ಮಡಕೆಯದು ಸಾಕ್ಷಿಯಾದ್ದರಿಂದ ಉಳಿಯಿತು. ನಲವತ್ತೈದನೇ ಬೆಳಗ್ಗೆ ಅದರಲ್ಲೊಂದು ಹೂ ಅರಳಿತ್ತು. ನಾನು ಅಂಥದನ್ನು ಕಂಡಿರಲಿಲ್ಲ. ಬೆರಳುದ್ದದ ಹಸಿರು ಕೊಳವೆ, ಬುಡದಲ್ಲಿ ಉಬ್ಬು, ತುದಿಯಲ್ಲಿ ಕಂದು ಬಣ್ಣದ ಐದು ಪಟ್ಟಿಗಳು ಕೂಡಿ ಸಣ್ಣ ಲಾಟೀನಿನಂತೆ ನಿಂತಿದ್ದವು. ನಾನು ನೋಡುತ್ತಿದ್ದಂತೆಯೇ ಒಂದು ಪುಟ್ಟ ನೊಣ ಬಂದು ಪಟ್ಟಿಯ ಮೇಲೆ ಕೂತು, ಜಾರಿ, ಒಳಗಿಳಿಯಿತು. ಹೊರಗೆ ಬರಲಿಲ್ಲ. ಕೊಳವೆಯ ಒಳಗೆಲ್ಲ ಕೆಳಮುಖವಾದ ಸಣ್ಣ ರೋಮಗಳು. ಮರುದಿನ ಬೆಳಗ್ಗೆ ಆ ರೋಮಗಳು ಬಾಡಿ, ಹೂ ಒಂದು ಬದಿಗೆ ವಾಲಿತು. ಮೈತುಂಬ ಪರಾಗ ಮೆತ್ತಿಕೊಂಡ ನೊಣ ನಡೆದುಕೊಂಡು ಹೊರಬಂದು ಹಾರಿತು. ನಾನು ನೇರ ಪಂಚಾಯ್ತಿಗೆ ಓಡಿದೆ.

ಎಂದಿಗೂ ಬಗೆಯಬಾರದೆಂಬ ಕಟ್ಟಳೆಯಿದ್ದ ಕುಂಡವನ್ನು ಪಂಚಾಯ್ತಿಯ ಎದುರು ಬಗೆದೆವು. ಅಗಲ ಎಲೆಯ ಬಳ್ಳಿಯ ದಪ್ಪ ಬೇರಿನ ಅಡಿಯಲ್ಲಿ, ಅದಕ್ಕೆ ಸೇರದ ನಾಲ್ಕು ಚಪ್ಪಟೆ ಗೆಡ್ಡೆಗಳು. ಬೇಸಿಗೆಯಲ್ಲಿ ಒಣಗಿ, ಹನಿ ಬಿದ್ದರೆ ಚಿಗುರಿ, ಕಿತ್ತರೂ ಮತ್ತಷ್ಟು ಚಿಗುರಿ, ಇನ್ನೂರು ವರ್ಷ ಹೀಗೆ ಜೀವ ಹಿಡಿದುಕೊಂಡು ಕೂತಿದ್ದವು. ನಿಮ್ಮ ಸೆರೆಬಳ್ಳಿಯನ್ನು ನಾವು ವರ್ಷ ವರ್ಷವೂ ಸುಟ್ಟಿದ್ದೇವೆ, ನಿಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿ. ಹಾಗಾದರೆ ಕಟ್ಟೆಯ ಮೇಲಿದ್ದದ್ದೇನು? ಅದರ ಹೂವಿರುವ ಕುಡಿಯೊಂದನ್ನು ಬಾಗಿಲಿಗೆ ಒಯ್ದು ಉಪ್ಪಿನ ಹೆಂಗಸಿಗೆ ತೋರಿಸಿದೆ. ಅವಳು ಮೂಟೆಯನ್ನು ಕೆಳಗಿಟ್ಟು ನಕ್ಕಳು. “ಕಾಗೆತೊಂಡೆ ಅಲ್ವೇನಮ್ಮ ಇದು? ನಮ್ ಬೇಲಿ ತುಂಬಾ ಐತೆ. ಇದು ಗಂಡುಬಳ್ಳಿ, ಕಾಯಿ ಬಿಡಾಕಿಲ್ಲ” ಎಂದಳು. ನೀವು ಗೆಡ್ಡೆ ನೆಟ್ಟು, ಕೋಲು ಊರಿ, ಫಲಕ ಚುಚ್ಚಿ ಹೋದಿರಿ. ಆ ಬೇಸಿಗೆ ಬಳ್ಳಿ ಒಣಗಿತು. ಯಾವುದೋ ಹಕ್ಕಿ ತೊಂಡೆಯ ಬೀಜ ಉದುರಿಸಿತು. ಮುಂದೆ ಬಂದವರು ಕೋಲಿಗೆ ಹಬ್ಬಿದ್ದನ್ನು ಕಂಡು, ಫಲಕ ಓದಿ, ಕೈಮುಗಿದರು. ಹೀಗೆ ನಡೆದಿರಬೇಕೆಂದು ನನ್ನ ಊಹೆ.

ಬೋಸಣ್ಣನನ್ನು ನಾನೇ ಹೋಗಿ ಕರೆತಂದೆ. ಹನ್ನೊಂದು ತಿಂಗಳಾಗಿತ್ತು. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದಕ್ಕೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಮಡಕೆಯಲ್ಲಿ ಎರಡನೇ ಹೂ ಬಿಟ್ಟಿತ್ತು, ನೊಣವೂ ಒಳಗಿತ್ತು. ನಾನು ಅವನ ಕಾಲು ಮುಟ್ಟಲು ಹೋದೆ, ಅವನಿಗೆ ಕಾಣದ್ದರಿಂದ ಕಾಲು ಹಿಂತೆಗೆಯಲೂ ಇಲ್ಲ. ತಪ್ಪಾಯಿತು ಬೋಸಣ್ಣ ಎಂದು ಅತ್ತೆ. ಅವನು ಎಲೆಯ ಅಡಿಭಾಗವನ್ನು ಹೆಬ್ಬೆರಳಿನಿಂದ ಸವರಿ, ಹೂವನ್ನು ಮುಟ್ಟದೆ ಅದರ ಹತ್ತಿರ ಕಿವಿ ತಂದ. ಒಳಗೆ ನೊಣ ಗುಂಯ್‌ಗುಡುತ್ತಿತ್ತು. “ಬಿಡ್ತೈತೇನವ್ವ ಅದು?” ಎಂದು ಕೇಳಿದ. ನಾಳೆ ಬೆಳಗ್ಗೆ ಬಿಡುತ್ತದೆ ಎಂದೆ. “ಹಂಗಾರೆ ನಾಳೆಗಂಟ ಇಲ್ಲೇ ಕುಂತಿರ್ತೀನಿ” ಎಂದ. ಮರುದಿನ ಸದ್ದು ನಿಂತ ಗಳಿಗೆಯಲ್ಲಿ ಅವನ ಮುಖ ಅರಳಿತು. “ಹೋತು” ಎಂದ. ಆ ಬಳ್ಳಿ ಒಂದೇ ದಿನಕ್ಕೆ ಬಿಟ್ಟುಬಿಟ್ಟಿತು. ನಾನು ಹನ್ನೊಂದು ತಿಂಗಳು ಬಿಡಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಬರೆಯದೆ ವಿಧಿಯಿಲ್ಲ.

ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟುವ ಆಸೆ ನನಗಿತ್ತು. ಪಕ್ಕದಲ್ಲಿ ಕೂತವರು ಬಿಡಲಿಲ್ಲ, ನನ್ನ ಮನಸ್ಸೂ ಬಿಡಲಿಲ್ಲ. ನೀವು ಒಂದು ಸಾಲು ಬರೆಯಲು ಮರೆತಿರಿ, ನಾನು ಒಬ್ಬ ಮನುಷ್ಯನನ್ನು ಹನ್ನೆರಡು ವರ್ಷ ನೋಡಿಯೂ ನೋಡದೆ ಹೋದೆ. ಆದರೂ ಆ ಎರಡು ಬೆರಳಿನ ಜಾಗ ಯಾಕೆ ಖಾಲಿ ಬಿಟ್ಟಿರಿ ಎಂದು ಕೇಳದೆ ಇರಲಾರೆ. ಊಟದ ಹೊತ್ತಾಗಿತ್ತೇ? ಬಣ್ಣ ಮುಗಿದಿತ್ತೇ? ಇದೆಲ್ಲ ಯಾರಿಗೆ ಗೊತ್ತಿಲ್ಲ ಎಂದುಕೊಂಡಿರೇ? ನನ್ನ ಬೇಡಿಕೆ ಒಂದೇ. ಈ ಕಾಗದ ಹೇಗಾದರೂ ನಿಮ್ಮ ಕೈಸೇರಿದರೆ, ಕೈಯಲ್ಲಿರುವ ಕೆಲಸ ಬಿಟ್ಟು ಕುಂಡದ ಹತ್ತಿರ ಹೋಗಿ. ಆ ಖಾಲಿ ತಗಡಿನ ಮೇಲೆ ಇಷ್ಟು ಬರೆಯಿರಿ: ‘ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಗೆಡ್ಡೆ ಬದುಕಿರುತ್ತದೆ. ನೂಲಿನಂತೆ ಏಳುವುದೇ ಇದು.’ ಅಷ್ಟರಿಂದ ಬೋಸಣ್ಣನ ಕಣ್ಣು ಉಳಿಯುತ್ತದೆ.

ಬರೆಯುತ್ತೀರೆಂಬ ನಂಬಿಕೆ ನನಗಿಲ್ಲ. ನೀವು ಬರೆದಿದ್ದರೆ ಆ ಸಾಲು ಈಗಾಗಲೇ ಫಲಕದ ಮೇಲೆ ಇರಬೇಕಿತ್ತಲ್ಲ. ಈ ಬೆಳಗ್ಗೆ ನೀರು ಹಾಕುವ ಮೊದಲು ಬಟ್ಟೆಯಿಂದ ಒರೆಸಿ ನೋಡಿದೆ, ಇಲ್ಲ. ಕುಂಡದ ಬದಿಯಲ್ಲಿ ಕೂತಿದ್ದ ಬೋಸಣ್ಣ, “ಆ ಸಾಲು ಬಂತೇನವ್ವ?” ಎಂದು ಕೇಳಿದ. ಇನ್ನೂ ಇಲ್ಲ ಬೋಸಣ್ಣ, ಎಂದೆ. ನಾಳೆ ಮತ್ತೆ ನೋಡುತ್ತೇನೆ.

ಇಂತಿ,
ಮಾರಕ್ಕ